ಡಯಾಲಿಸಿಸ್‌ಗೆ ಬರಲ್ಲ ಅಂತ ಅಪ್ಪ ಹಟ ಹಿಡಿದಿದ್ದಾರೆ, ಏನು ಮಾಡಲಿ? (ಮೇ 2021)

ತುಮಕೂರಿನ ಮಗಳು:
ಅಪ್ಪನಿಗೆ 64 ವರ್ಷ. ಶುಗರ್‌ನಿಂದ ಕಿಡ್ನಿ ಹೋಗಿ ಎರಡು ವರ್ಷದಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್. ಸೋಮವಾರ ಹೋದಾಗ ಗೇಟಿನಿಂದಲೇ ಆಂಬುಲೆನ್ಸ್ ಸಾಲು, ವರಾಂಡದಲ್ಲಿ ಆಕ್ಸಿಜನ್ ಹಾಕಿಕೊಂಡು ಮಲಗಿದ್ದ ಕೊರೊನಾ ರೋಗಿಗಳು, ಅವರಿಗೂ ನಮಗೂ ಒಂದೇ ಲಿಫ್ಟ್. ಅದನ್ನು ನೋಡಿ ಅಪ್ಪ "ಇನ್ನು ಅಲ್ಲಿಗೆ ಕರೀಬೇಡ ಕಣಮ್ಮ" ಎಂದುಬಿಟ್ಟರು. ಬುಧವಾರ ಹೋಗಲಿಲ್ಲ. ಇವತ್ತು ಶುಕ್ರವಾರ. ಕಾಲು ಊದಿದೆ, ನಿನ್ನೆ ರಾತ್ರಿ ಎರಡು ದಿಂಬು ಇಟ್ಟುಕೊಂಡು ಮಲಗಿದರು. ನೀರು ಕಮ್ಮಿ ಕುಡಿದು ವಾರಕ್ಕೊಂದು ಸಲ ಹೋದರೆ ಸಾಕಾಗಲ್ವಾ ಅಂತಾರೆ. ಅವರ ಭಯ ಸುಳ್ಳಲ್ಲ, ಅದಕ್ಕೇ ನನಗೆ ಬೈಯೋಕೂ ಮನಸ್ಸಾಗುತ್ತಿಲ್ಲ.

ಡಯಾಲಿಸಿಸ್ ಟೆಕ್ನಿಷಿಯನ್:
ಅಕ್ಕ, ಇದನ್ನು ಓದಿದ ಕೂಡಲೇ ಯೂನಿಟ್‌ಗೆ ಫೋನ್ ಮಾಡಿ ಹೊರಡಿ. ಎರಡು ದಿಂಬು ಬೇಕಾಯಿತು ಅಂದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿರಬಹುದು. ನೀರು ಕಮ್ಮಿ ಕುಡಿದರೆ ಊತ ಸ್ವಲ್ಪ ತಡೆಯಬಹುದು, ಆದರೆ ರಕ್ತದಲ್ಲಿ ಪೊಟ್ಯಾಸಿಯಂ ಏರುವುದು ನಿಲ್ಲಲ್ಲ, ಅದು ಜಾಸ್ತಿಯಾದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯ ನಿಂತುಹೋಗಬಹುದು. ಬಿಸಿಲು ಅಂತ ಎಳನೀರು ಕೊಡುತ್ತಿದ್ದೀರಾ? ನಿಲ್ಲಿಸಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಬಾಳೆಹಣ್ಣೂ ಬೇಡ.
ಮುಂದಿನ ವಾರದಿಂದ ಬೆಳಗಿನ ಮೊದಲ ಶಿಫ್ಟ್ ಕೇಳಿ, ಆಗ ಜನ ಕಮ್ಮಿ. ಬೇರೆ ಬಾಗಿಲಿಂದ ಬಿಡುತ್ತಾರಾ ವಿಚಾರಿಸಿ, ಕೇಳಿದರೆ ಎಷ್ಟೋ ಕಡೆ ಬಿಡುತ್ತಾರೆ. ತಿಂಡಿ ಮನೆಯಲ್ಲೇ ಮುಗಿಸಲಿ. ನಾಲ್ಕು ಗಂಟೆ ಒಂದೇ ರೂಮಿನಲ್ಲಿ ಇರುತ್ತಾರೆ, ಎಲ್ಲರೂ ಮಾಸ್ಕ್ ತೆಗೆಯುವುದು ತಿನ್ನುವಾಗಲೇ.

ಹಾಸನದಿಂದ:
ನಮ್ಮ ಚಿಕ್ಕಪ್ಪ ಹೋದ ವರ್ಷ ಲಾಕ್‌ಡೌನ್‌ನಲ್ಲಿ ಎರಡು ಸಲ ತಪ್ಪಿಸಿದರು. ಮೂರನೇ ಸಲದ ಹೊತ್ತಿಗೆ ಉಸಿರಾಡೋಕೆ ಆಗುತ್ತಿರಲಿಲ್ಲ. ಉಸಿರು ಕಟ್ಟುತ್ತಿದೆ ಅಂದ ತಕ್ಷಣ ಎಲ್ಲರೂ ಕೊರೊನಾ ಅಂದುಕೊಂಡರು, ಸ್ವಾಬ್ ತೆಗೆದು ಬೇರೆ ಕಡೆ ಕೂರಿಸಿದರು, ರಿಪೋರ್ಟ್ ಬರಲಿ ಅಂತ ಕಾದಿದ್ದೇ ಕಾದಿದ್ದು. ಕೊನೆಗೆ ಒಬ್ಬ ನರ್ಸ್ ಅವರ ಕೈಯಲ್ಲಿದ್ದ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕೋಕೆ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ನೋಡಿ ಓಡಿದರು. ಐಸಿಯುನಿಂದ ಉಳಿದು ಬಂದರು, ಆದರೆ ಆ ರಾತ್ರಿ ನೆನೆದರೆ ಈಗಲೂ ಕೈ ನಡುಗುತ್ತದೆ. ಅದಕ್ಕೇ ಹೇಳ್ತೀನಿ, ಗೇಟಿನಲ್ಲಿ ಬಾಯಿ ತೆರೆದ ಮೊದಲ ಮಾತೇ "ಡಯಾಲಿಸಿಸ್ ಪೇಷಂಟ್, ಒಂದು ಸಲ ತಪ್ಪಿದೆ" ಅಂತಿರಲಿ. ಫೈಲ್ ಕೈಯಲ್ಲೇ ಹಿಡಿದಿರಿ.

ಶುಗರ್ ಅಮ್ಮನ ಮಗ:
ಡಯಾಲಿಸಿಸ್ ಬಿಟ್ಟು ಮಿಕ್ಕಿದ್ದರಲ್ಲಿ ಎಷ್ಟೋ ಮನೆಗೆ ತರಬಹುದು. ಶುಗರ್, ಬಿಪಿ ಮಾತ್ರೆ ಬರೆಸೋಕೆ ಅಂತ ಸುಮ್ನೆ ಓಪಿಡಿಯಲ್ಲಿ ಕೂರಬೇಡಿ. 2020ರ ಮಾರ್ಚ್‌ನಲ್ಲೇ ಫೋನ್ ಮೂಲಕ ಡಾಕ್ಟರು ನೋಡುವುದಕ್ಕೆ ಕೇಂದ್ರ ಸರ್ಕಾರ ನಿಯಮ ತಂದಿದೆ, ವಾಟ್ಸ್ಆಪ್‌ನಲ್ಲೇ ಚೀಟಿ ಕಳಿಸುತ್ತಾರೆ. ಆನ್‌ಲೈನ್‌ನಲ್ಲಿ ಡಾಕ್ಟರಿಗೆ ತೋರಿಸುವ ಸರ್ಕಾರದ ಇ-ಸಂಜೀವನಿ ಓಪಿಡಿಗೆ ದುಡ್ಡು ಕೊಡಬೇಕಿಲ್ಲ, ಅಮ್ಮನಿಗೆ ಎರಡು ಸಲ ಅದರಲ್ಲೇ ತೋರಿಸಿದೆ. ಆದರೆ ಎದೆನೋವು, ಮಾತು ತೊದಲುವುದು, ಕಾಲಿನ ಹುಣ್ಣು ಕಪ್ಪಾಗುವುದು, ಇವಕ್ಕೆ ಫೋನ್ ಹಿಡಿದು ಕೂರಬೇಡಿ, ರಶ್ ಇದ್ದರೂ ಹೋಗಲೇಬೇಕು. ಅಪ್ಪನಿಗೆ ಕೊರೊನಾ ಲಸಿಕೆ ಆಗಿಲ್ಲ ಅಂದರೆ ಡಾಕ್ಟರನ್ನು ಕೇಳಿ ಹಾಕಿಸಿ, ಫಿಸ್ಟುಲಾ ಇರುವ ಕೈಗೆ ಮಾತ್ರ ಬೇಡ.

ತುಮಕೂರಿನ ಮಗಳು:
ಈಗ ಬಂದೆವು, ರಾತ್ರಿ ಒಂಬತ್ತೂವರೆ. ಎಳನೀರು ದಿನಾ ಕೊಡುತ್ತಿದ್ದೆ, ನನಗೆ ಗೊತ್ತೇ ಇರಲಿಲ್ಲ. ಗೇಟಿನಲ್ಲಿ ನೀವು ಹೇಳಿದ ಹಾಗೇ ಹೇಳಿದೆ, ಹಿಂದಿನ ಬಾಗಿಲಿಂದ ಬಿಟ್ಟರು. ಮೂರೂವರೆ ಲೀಟರ್ ನೀರು ತೆಗೆದರು. ಭಾನುವಾರ ಒಂದು ಹೆಚ್ಚುವರಿ ಸಲ ಬನ್ನಿ ಅಂದಿದ್ದಾರೆ. ಅಪ್ಪ ಹೂಂ ಅಂದಿದ್ದಾರೆ. ಈಗ ಒಂದೇ ದಿಂಬಿನಲ್ಲಿ ನಿದ್ದೆ ಮಾಡುತ್ತಿದ್ದಾರೆ.