ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್ ಸಿಗುತ್ತಿಲ್ಲ, ಸಿಕ್ಕವರು ನಿಲ್ಲುತ್ತಿಲ್ಲ. ನೀವೆಲ್ಲ ಏನು ಮಾಡ್ತಿದ್ದೀರಿ?

ಸೆಕೆಂಡ್ ಸ್ಟೇಜ್ ವರ್ಕ್‌ಶಾಪ್:

ನಮ್ಮದು ಸಣ್ಣ ಶಾಪ್. ಕಂಪ್ಯೂಟರ್ ಪ್ರೋಗ್ರಾಂನಲ್ಲಿ ಲೋಹ ಕತ್ತರಿಸೋ ಸಿಎನ್‌ಸಿ ಮಷೀನ್‌ಗಳು, ನಾಲ್ಕು ಟರ್ನಿಂಗ್, ಒಂದು ಮಿಲ್ಲಿಂಗ್ (ವಿಎಂಸಿ), ಮೂಲೆಯಲ್ಲಿ ಅಪ್ಪನ ಕಾಲದ ಲೇತು. ಆಟೋ ಪಾರ್ಟ್ಸ್ ಜಾಬ್ ವರ್ಕ್. ಎಲ್ಲ ಸೇರಿ 14 ಜನ. ಯುಗಾದಿಗೆ ಊರಿಗೆ ಹೋದ ಇಬ್ಬರು ಆಪರೇಟರ್‌ಗಳು ವಾಪಸ್ ಬರಲಿಲ್ಲ. ಒಬ್ಬ ಫೋನೇ ಎತ್ತಲ್ಲ. ಇನ್ನೊಬ್ಬ ಪಾಪ, ಇದ್ದದ್ದು ಇದ್ದ ಹಾಗೆ ಹೇಳಿದ: "ಸಾರ್, ದೇವನಹಳ್ಳಿ ಕಡೆ ಫ್ಯಾಕ್ಟರಿ ಸೇರ್ಕೊಂಡೆ. ಬಸ್ಸು, ಊಟ ಎಲ್ಲ ಅವರದೇ."

ಆ್ಯಪ್‌ನಲ್ಲಿ ಕೆಲಸ ಖಾಲಿ ಇದೆ ಅಂತ ಹಾಕಿದರೆ ಬಯೋಡಾಟಾ ರಾಶಿ ಬೀಳುತ್ತೆ. ಎಲ್ಲ ಎಐ ಬರೆದುಕೊಟ್ಟದ್ದು. ಎಲ್ಲರೂ "ನಿಖರತೆಗೆ ಬದ್ಧರಾದ ಯಂತ್ರ ತಜ್ಞರು". ನಾನು ಓದೋದೇ ಬಿಟ್ಟಿದ್ದೀನಿ. ಬಂದವರ ಕೈಗೆ ಮೈಕ್ರೋಮೀಟರ್ ಮತ್ತು ಒಂದು ಶಾಫ್ಟ್ ಕೊಟ್ಟು ಅಳತೆ ಹೇಳಪ್ಪ ಅಂತೀನಿ. ಡ್ರಾಯಿಂಗ್‌ನಲ್ಲಿ 25 ಎಂಎಂ, ಟಾಲರೆನ್ಸ್ ಎರಡೂ ಕಡೆ 20 ಮೈಕ್ರಾನ್, ಅಂದರೆ 0.02 ಎಂಎಂ ಹೆಚ್ಚುಕಮ್ಮಿ ನಡೆಯುತ್ತೆ, ಪೀಸ್ ಇರೋದು 25.03. ಈಗ ಏನು ಮಾಡ್ತೀಯ? ಟೂಲ್ ಸವೆತ ಸರಿದೂಗಿಸೋ ಎಕ್ಸ್ ವೇರ್ ಆಫ್‌ಸೆಟ್‌ನಲ್ಲಿ ಮೈನಸ್ 0.03 ಹಾಕ್ತೀನಿ ಅಂದರೆ ಅವನು ನನ್ನ ಹುಡುಗ. ಮೊನ್ನೆ ಬಂದವನ ಬಯೋಡಾಟಾದಲ್ಲಿ ಫೈವ್ ಆ್ಯಕ್ಸಿಸ್ ಅನ್ನೋ ಕಷ್ಟದ ಮಷೀನಿನ ಅನುಭವ ಇತ್ತು. ಅವನು ರ‍್ಯಾಚೆಟ್ ಮುಟ್ಟಲೇ ಇಲ್ಲ, ಮೈಕ್ರೋಮೀಟರ್ ಅತಿಯಾಗಿ ಬಿಗಿಯದಂತೆ ತಡೆಯೋದೇ ಅದು. ತಿರುಗಿಸೋ ಹಿಡಿ, ಥಿಂಬಲ್ ಹಿಡಿದು ಬೆಂಚ್ ವೈಸ್ ಬಿಗಿದ ಹಾಗೆ ಬಿಗಿದುಬಿಟ್ಟ.

ಎರಡು ವರ್ಷ ಅನುಭವ ಇದ್ದವರಿಗೆ 18 ಸಾವಿರ ಕೊಡ್ತೀನಿ, ಓಟಿ ಬೇರೆ. ಇಎಸ್‌ಐ ಇದೆ. ಪಿಎಫ್ ಇಲ್ಲ, 20 ಜನ ಇದ್ದರೆ ಮಾತ್ರ ಕಡ್ಡಾಯ ಅಲ್ವಾ. "ಈಗಿನ ಹುಡುಗರಿಗೆ ಮೈ ಬಗ್ಗಲ್ಲ" ಅನ್ನೋ ಉತ್ತರ ದಯವಿಟ್ಟು ಬೇಡ. ಅದನ್ನ ನಮ್ಮ ರಸ್ತೆಯ ಟೀ ಅಂಗಡಿಯಲ್ಲಿ ದಿನಾ ಕೇಳ್ತೀನಿ.

ಬಿಡದಿ_ಬಾಬು:

ಗ್ಯಾರಂಟಿ ಕೊಟ್ಟು ಎಲ್ಲರನ್ನೂ ಸೋಮಾರಿ ಮಾಡಿಟ್ಟಿದ್ದಾರೆ. ಮನೇಲಿ ಕೂತರೆ ಯುವನಿಧಿ ಬರುತ್ತೆ, ಲೇತ್ ಮುಂದೆ ಯಾಕೆ ನಿಲ್ತಾರೆ?

ಟರ್ನರ್ ಟ್ರೇಡ್:

ಬಾಬು ಅವರೇ, ಯುವನಿಧಿ ಇರೋದು ಡಿಗ್ರಿ, ಡಿಪ್ಲೊಮಾದವರಿಗೆ. 3,000 ಮತ್ತು 1,500 ರೂಪಾಯಿ, ಅದೂ ಎರಡು ವರ್ಷ ಅಷ್ಟೇ. ನಮ್ಮಂಥ ಐಟಿಐ ಹುಡುಗರಿಗೆ ಅದು ಬರಲ್ಲ.

ನಾನು ಹಿರಿಯೂರು ಕಡೆಯವನು. ಪೀಣ್ಯದಲ್ಲೇ ಮೂರು ವರ್ಷ ಸಿಎನ್‌ಸಿ ನಡೆಸಿದೆ. ಈಗ ಬೈಕ್‌ನಲ್ಲಿ ಊಟ ಡೆಲಿವರಿ ಮಾಡ್ತೀನಿ. ಯಾಕೆ ಬಿಟ್ಟೆ ಅಂತ ಕೇಳಿದ್ರಲ್ಲ, ಹೇಳ್ತೀನಿ.

ಸಂಬಳ ಕಮ್ಮಿ ಅನ್ನೋದು ಎರಡನೇ ಮಾತು. ಸಂಬಳ ಯಾವತ್ತು ಅನ್ನೋದು ಮೊದಲನೇದು. 7ನೇ ತಾರೀಖು ಅಂತಿದ್ರು. "ಪಾರ್ಟಿ ಪೇಮೆಂಟ್ ಬಂದಿಲ್ಲ ಕಣೋ" ಅಂತ 15 ಆಗ್ತಿತ್ತು, ಒಂದೊಂದ್ಸಲ 20. ರೂಮ್ ಓನರ್ ಮಾತ್ರ 5ನೇ ತಾರೀಖು ಬೆಳಿಗ್ಗೆಯೇ ಬಾಗಿಲಲ್ಲಿ. ಡೆಲಿವರಿಯಲ್ಲಿ ವಾರ ವಾರ ದುಡ್ಡು ಬೀಳುತ್ತೆ.

ಇನ್ನೊಂದು, ಸೆಟ್ಟಿಂಗ್, ಅಂದ್ರೆ ಹೊಸ ಜಾಬ್‌ಗೆ ಮಷೀನ್ ಸಜ್ಜು ಮಾಡೋದು. ಯಾವ ಓನರೂ ಕಲಿಸಲ್ಲ. ಬಾಗಿಲು ತೆಗಿ, ಪೀಸ್ ಹಾಕು, ಸೈಕಲ್ ಸ್ಟಾರ್ಟ್ ಬಟನ್ ಒತ್ತು. ಮುಗೀತು. ಹೊಸ ಜಾಬ್ ಬಂದಾಗ ಪೀಸ್ ಹಿಡಿಯೋ ದವಡೆಯನ್ನ ಅಳತೆಗೆ ಕೊರೆಯೋದು (ಜಾ ಬೋರಿಂಗ್), ಟೂಲ್ ಟಚ್ ಮಾಡಿ ಆಫ್‌ಸೆಟ್ ತಗೊಳ್ಳೋದು, ಪ್ರೋಗ್ರಾಂ ತಿದ್ದೋದು, ಎಲ್ಲ ಸೆಟ್ಟರ್ ಕೆಲಸ. ಹತ್ತಿರ ಹೋಗಿ ನಿಂತರೆ "ನಿನ್ನ ಮಷೀನ್ ನಿಂತಿದೆ ನೋಡು" ಅಂತ ಬೈಯೋರು. ಕಲಿಸಿದರೆ ಪಕ್ಕದ ಶಾಪಿಗೆ ಹೋಗ್ತಾನೆ ಅನ್ನೋ ಭಯ. ಕಲಿಸದೇ ಇದ್ದಿದ್ದಕ್ಕೆ ನಾನು ಶಾಪ್ ಅಲ್ಲ, ಲೈನನ್ನೇ ಬಿಟ್ಟೆ.

ಡೆಲಿವರಿ ಸ್ವರ್ಗ ಅಂತ ಹೇಳ್ತಿಲ್ಲ. ಪೆಟ್ರೋಲ್ ನಮ್ಮದು, ಸೊಂಟ ನಮ್ಮದು. ಮಳೆಯಲ್ಲಿ ಗೊರಗುಂಟೆಪಾಳ್ಯ ಜಂಕ್ಷನ್ ದಾಟೋದು ಹೇಗಿರುತ್ತೆ ಅಂತ ನಿಮಗೆ ಗೊತ್ತು. 2025ರಲ್ಲಿ ನಮ್ಮಂಥವರಿಗೆ ಅಂತ ರಾಜ್ಯದಲ್ಲಿ ಕಾಯ್ದೆ ಬಂತು, ಕಂಪನಿಗಳಿಂದ ಕಲ್ಯಾಣ ಶುಲ್ಕ ತಗೊಳ್ಳೋದು. ಆದರೂ ಪಿಎಫ್ ಅಂತೂ ಇಲ್ಲ. ಅದಕ್ಕೇ ನಿಮ್ಮ ಶಾಪಲ್ಲೂ ಪಿಎಫ್ ಇಲ್ಲ ಅಂತ ಓದಿದಾಗ ನಗು ಬಂತು. ಹಾಗಾದ್ರೆ ನಿಮಗೂ ಬೈಕಿಗೂ ಏನು ವ್ಯತ್ಯಾಸ ಸಾರ್?

ತುಮಕೂರು ಐಟಿಐ ಮೇಷ್ಟ್ರು:

ಮೇಲಿನ ಹುಡುಗ ಹೇಳಿದ್ದಕ್ಕೆ ನನ್ನದೂ ಒಂದು ಓಟು.

ಪಿಎಫ್ ವಿಷಯ. 20 ಜನ ಇಲ್ಲದಿದ್ದರೂ ಓನರ್ ಮತ್ತು ಕೆಲಸಗಾರರು ಒಪ್ಪಿದರೆ ಸ್ವಂತ ಇಚ್ಛೆಯಿಂದ ನೋಂದಣಿ ಮಾಡಿಸಬಹುದು. ಇನ್ನೊಂದು ಕಾರಣಕ್ಕೂ ಇದನ್ನ ಯೋಚಿಸಿ. 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಕೇಂದ್ರದ ಉದ್ಯೋಗ ಪ್ರೋತ್ಸಾಹ ಯೋಜನೆ ಇದೆ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ಸಂಬಳದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಲ್ಲಿ ಕೊಡ್ತಾರೆ. ಮೊದಲ ಕಂತು ಆರು ತಿಂಗಳು ಕೆಲಸ ಮಾಡಿದ ಮೇಲೆ, ಎರಡನೆಯದು ವರ್ಷ ತುಂಬಿದ ಮೇಲೆ. ನಿಮ್ಮಲ್ಲಿ ಹುಡುಗರು ಬಿಟ್ಟು ಹೋಗೋದೂ ಆ ಅವಧಿಯಲ್ಲೇ ಅಲ್ವಾ? ನಿಮ್ಮ ಶಾಪಿಗೆ ಅನ್ವಯ ಆಗುತ್ತಾ ಅಂತ ಆಡಿಟರ್ ಹತ್ತಿರ ಷರತ್ತು ಓದಿಸಿ.

ಆ್ಯಪ್‌ನಲ್ಲಿ ಹುಡುಕೋದಕ್ಕಿಂತ ನಮ್ಮಂಥ ಕಡೆಗೆ ಬನ್ನಿ. 2022ರಲ್ಲಿ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಸರ್ಕಾರ 150 ಐಟಿಐಗಳನ್ನ ಹೊಸದು ಮಾಡಿತು, ಸಿಎನ್‌ಸಿ ಮಷೀನ್ ನೋಡದೇ ಹೊರಗೆ ಬರ್ತಾರೆ ಅನ್ನೋ ಕಾಲ ಹೋಯ್ತು. ಆದರೆ ದೊಡ್ಡ ಕಂಪನಿಗಳು ಪರೀಕ್ಷೆಗೆ ಮುಂಚೆಯೇ ಬಂದು ಆರಿಸಿಕೊಳ್ತಾರೆ. ಪೀಣ್ಯದ ಸಣ್ಣ ಓನರ್‌ಗಳು ಫೋನ್ ಮಾಡೋದು ಯಾರೋ ಕೆಲಸ ಬಿಟ್ಟ ಮಾರನೇ ದಿನ. ಅಷ್ಟೊತ್ತಿಗೆ ನಮ್ಮ ಹತ್ತಿರ ಯಾರು ಇರ್ತಾರೆ?

ಅಪ್ರೆಂಟಿಸ್ ತಗೊಳ್ಳೋದು 30 ಅಥವಾ ಹೆಚ್ಚು ಜನ ಇದ್ದರೆ ಕಡ್ಡಾಯ, ನಿಮಗೆ ಐಚ್ಛಿಕ. ಸ್ಟೈಪೆಂಡ್‌ನಲ್ಲಿ ಶೇ. 25ರಷ್ಟು, ತಿಂಗಳಿಗೆ 1,500 ರೂಪಾಯಿವರೆಗೆ, ಕೇಂದ್ರದಿಂದ ಹುಡುಗನ ಖಾತೆಗೆ ಬರುತ್ತೆ. ಒಂದೇ ಮಾತು, ಅಪ್ರೆಂಟಿಸ್ ಅಂತ ಕರೆದು ಕಸ ಗುಡಿಸೋಕೆ ಹಾಕಬೇಡಿ.

ಸೆಕೆಂಡ್ ಸ್ಟೇಜ್ ವರ್ಕ್‌ಶಾಪ್:

ಟರ್ನರ್ ಅವರೇ, ಚೆನ್ನಾಗಿ ಕುಟುಕಿದ್ರಿ. ಸಂಬಳದ ತಾರೀಖಿನ ಬಗ್ಗೆ ನನ್ನ ಕಡೆಯದೂ ಕೇಳಿ. ಸಣ್ಣ ಕೈಗಾರಿಕೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆಯಲ್ಲೇ ಇದೆ. ನನಗೆ ಬರೋದು 90 ದಿನಕ್ಕೆ. ದೂರು ಕೊಡಬಹುದು. ಆಮೇಲೆ ಆರ್ಡರ್ ಯಾರು ಕೊಡ್ತಾರೆ? ನನ್ನ ಶಾಪಲ್ಲಿ ಸಂಬಳ 10 ದಾಟಲ್ಲ, ಅದಕ್ಕಾಗಿ ಬ್ಯಾಂಕ್ ಓವರ್‌ಡ್ರಾಫ್ಟ್ ಎಳೆದು ಬಡ್ಡಿ ಕಟ್ತೀನಿ. ಇದನ್ನ ಕೆಲಸದ ಜಾಹೀರಾತಿನಲ್ಲಿ ಬರೆಯಬೇಕು ಅಂತ ಮಾತ್ರ ಹೊಳೆದಿರಲಿಲ್ಲ.

ಸೆಟ್ಟಿಂಗ್ ಕಲಿಸೋಕೆ ನಾನು ತಯಾರು. ಕಲಿಸಬೇಕಾದವನು ನಮ್ಮ ಸೆಟ್ಟರ್. ಅವನೇ ಗುಟ್ಟು ಬಿಡಲ್ಲ. ಎಲ್ಲರೂ ಕಲಿತರೆ ತನ್ನ ಬೆಲೆ ಇಳಿಯುತ್ತೆ ಅಂತ ಅವನಿಗೆ. ಇದಕ್ಕೆ ಏನು ಮಾಡೋದು?

ರಾಜಾಜಿನಗರ ಫಿಕ್ಸ್ಚರ್ಸ್:

ನಮ್ಮಲ್ಲೂ ಇದೇ ಕಥೆ ಇತ್ತು. ಸೆಟ್ಟರ್‌ಗೆ ಕಲಿಸು ಅಂತ ಹೇಳಿದರೆ ಆಗಲ್ಲ, ಕಲಿಸಿದ್ದಕ್ಕೆ ದುಡ್ಡು ಕೊಡಬೇಕು. ಒಬ್ಬ ಆಪರೇಟರ್ ಯಾರ ಸಹಾಯವೂ ಇಲ್ಲದೆ ಒಂದು ಜಾಬ್ ಸೆಟ್ ಮಾಡಿ, ಫಸ್ಟ್ ಪೀಸ್ ಪಾಸ್ ಆದರೆ ಅವತ್ತೇ ಸೆಟ್ಟರ್ ಕೈಗೆ 2,000. ಆಪರೇಟರ್‌ಗೆ ಮುಂದಿನ ತಿಂಗಳಿಂದ ಸಂಬಳ ಏರಿಕೆ. ಸೆಟ್ಟರ್ ಗೊಣಗಿಕೊಂಡೇ ಶುರು ಮಾಡಿದ, ಈಗ ಅವನೇ "ಮೇಡಂ, ಇವನು ರೆಡಿ ಇದ್ದಾನೆ" ಅಂತ ಬರ್ತಾನೆ. ಕಲಿತವರಲ್ಲಿ ಒಬ್ಬ ಬಿಟ್ಟು ಹೋದ, ನಿಜ. ಉಳಿದವರು ಇದ್ದಾರೆ.

ಇನ್ನು, ನೀವು "ಹುಡುಗರು ಹುಡುಗರು" ಅಂತಲೇ ಬರೆದಿದ್ದೀರಿ. ನಮ್ಮಲ್ಲಿ ಇನ್‌ಸ್ಪೆಕ್ಷನ್ ಪೂರ್ತಿ ಹೆಣ್ಣುಮಕ್ಕಳೇ, ಎರಡು ಮಷೀನ್ ಕೂಡ ಅವರೇ ನಡೆಸ್ತಾರೆ. 2023ರಲ್ಲಿ ಶಕ್ತಿ ಬಂದ ಮೇಲೆ ನೆಲಮಂಗಲದಿಂದಲೂ ಬರ್ತಾರೆ, ಬಸ್ಸಿನ ಖರ್ಚಿಲ್ಲ. ಬಾಬು ಅವರ ಗ್ಯಾರಂಟಿ ನನಗಂತೂ ಕೆಲಸದವರನ್ನ ತಂದುಕೊಟ್ಟಿದೆ. ಶಿಫ್ಟ್ ಬೆಳಿಗ್ಗೆ 9ಕ್ಕೆ ಇಡಿ, ಮಕ್ಕಳನ್ನ ಶಾಲೆಗೆ ಕಳಿಸಿ ಬರೋಕೆ ಆಗಬೇಕು. ಮತ್ತೆ ಮೊದಲು ಟಾಯ್ಲೆಟ್ ಸರಿ ಮಾಡಿಸಿ. ಪೀಣ್ಯದ ಶಾಪ್‌ಗಳ ಟಾಯ್ಲೆಟ್ ನಾನು ನೋಡಿದ್ದೀನಿ.