ಸಹಾಯ ಬೇಕು: ಹಳೆಯ ಕ್ರಿಸ್‌ಮಸ್ ಚಿತ್ರಪುಸ್ತಕದ ಹಾಳೆಗಳು ಅಂಟಿಕೊಂಡಿವೆ

ಎಲ್ಲರಿಗೂ ನಮಸ್ಕಾರ. ನಾನು ಚಿಕ್ಕಮಗಳೂರಿನವಳು. ಹೋದ ವಾರ ಅಮ್ಮನ ಮನೆಯ ಅಟ್ಟ ಗುಡಿಸುವಾಗ ಟ್ರಂಕಿನಲ್ಲಿ ನನ್ನ ‘ಫಾದರ್ ಕ್ರಿಸ್‌ಮಸ್’ ಸಿಕ್ಕಿತು. ರೇಮಂಡ್ ಬ್ರಿಗ್ಸ್ ಅವರ 1973ರ ಚಿತ್ರಪುಸ್ತಕ. ಪೊರಕೆ ಬದಿಗಿಟ್ಟು ಅಲ್ಲೇ ಕೂತುಬಿಟ್ಟೆ.

ಇದರಲ್ಲಿ ಸಾಂತಾ ಸದಾ ನಗುವ ತಾತ ಅಲ್ಲ. ಅಲಾರಂ ಹೊಡೆದರೆ ಗೊಣಗುತ್ತಾ ಏಳುತ್ತಾನೆ, ಚಳಿಗೆ ಬೈಯುತ್ತಾನೆ, ಟೀ ಕುಡಿದು ಕೆಲಸಕ್ಕೆ ಹೊರಡುತ್ತಾನೆ. ಥೇಟ್ ನಮ್ಮಜ್ಜ ಡಿಸೆಂಬರ್‌ನಲ್ಲಿ ಕಾಫಿ ಕೊಯ್ಲಿಗೆ ಹೊರಡುತ್ತಿದ್ದ ಹಾಗೆ! ಆಗ ನನಗೆ ಓದಲು ಬರುತ್ತಿರಲಿಲ್ಲ. ಚಿತ್ರ ನೋಡಿ ಅಜ್ಜನಿಗೆ ನಾನೇ ಕತೆ ಹೇಳುತ್ತಿದ್ದೆ.

ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು ನಡುವಿನ ನಾಲ್ಕು ಹಾಳೆ ಅಂಟಿಕೊಂಡಿವೆ. ಹೊಲಿಗೆಯೂ ಬಿಟ್ಟಿದೆ. ಎಳೆದರೆ ಬಣ್ಣವೇ ಕಿತ್ತು ಬರುತ್ತೆ ಅಂತ ಭಯ. ಸೆಲ್ಲೋಟೇಪ್ ಹಾಕಿಲ್ಲ, ಅದು ಹಳದಿಯಾಗಿ ಕಲೆ ಬಿಡುತ್ತದೆ ಅಲ್ವಾ. ಬಣ್ಣ ಮಾಸುತ್ತೆ ಅಂತ ಬಿಸಿಲಿಗೂ ಇಟ್ಟಿಲ್ಲ. ಸದ್ಯ ಫ್ಯಾನ್ ಕೆಳಗೆ ನಿಲ್ಲಿಸಿದ್ದೇನೆ.

ಅಂಟಿದ ಹಾಳೆ ಬಿಡಿಸಿದ ಅನುಭವ ಯಾರಿಗಾದರೂ ಇದೆಯಾ? ಚಿಕ್ಕಮಗಳೂರು ಅಥವಾ ಹಾಸನದಲ್ಲಿ ಕೈಯಲ್ಲೇ ಹೊಲಿದು ಬೈಂಡ್ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹೊಸ ಪ್ರತಿ ಕೊಳ್ಳಬಹುದು, ಆದರೆ ನನಗೆ ಇದೇ ಬೇಕು. ಮೊದಲ ಪುಟದಲ್ಲಿ ಅಜ್ಜ ತಮ್ಮ ಕೈಯಾರೆ ಬರೆದ ನನ್ನ ಹೆಸರಿದೆ.