ಬೋರ್ಡು ಪೀಣ್ಯದಲ್ಲಿ, ನಾನು ತುಮಕೂರಿನಲ್ಲಿ: ಡೀಬಗ್ ಮಾಡುವುದು ಹೇಗೆ?

ಪ್ರಶ್ನೆ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಕಂಪನಿ. ಪಂಪ್ ಕಂಟ್ರೋಲರ್ ಮಾಡುತ್ತೇವೆ. ಚಿಪ್ ಎಸ್‌ಟಿಎಂ32ಎಫ್4, ಅಂದರೆ ಕಾರ್ಟೆಕ್ಸ್-ಎಂ4. ಲ್ಯಾಬಿನಲ್ಲಿ ಇರುವುದು ಮೂರೇ ಬೋರ್ಡು, ಜನ ಐದು. ನಾನು ವಾರದಲ್ಲಿ ಮೂರು ದಿನ ತುಮಕೂರಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಎಲ್ಲರೂ ಎಕ್ಲಿಪ್ಸ್ ಸಿಡಿಟಿ (ಸಿ ಕೋಡ್ ಬರೆದು ಡೀಬಗ್ ಮಾಡುವ, ಅಂದರೆ ತಪ್ಪು ಹುಡುಕುವ, ಸಾಧನ) ಬಳಸುತ್ತಿದ್ದೇವೆ. ಅದಕ್ಕೊಂದು ಪ್ಲಗಿನ್ ಬರೆದು, ಒಂದು ಬಟನ್ ಒತ್ತಿದರೆ ಲ್ಯಾಬಿನ ಬೋರ್ಡು ಸಿಗುವ ಹಾಗೆ ಮಾಡು ಅಂತ ಬಾಸ್ ಹೇಳಿದ್ದಾರೆ. ಎಲ್ಲಿಂದ ಶುರು ಮಾಡಲಿ? ಇಲ್ಲಾ ವಿಎಸ್ ಕೋಡ್ ಎಡಿಟರ್‌ಗೆ ಹೋಗಿಬಿಡುವುದು ಒಳ್ಳೆಯದಾ? ಮಾಡಿ ಕೈ ಸುಟ್ಟುಕೊಂಡವರು ಯಾರಾದರೂ ಇದ್ದರೆ ಹೇಳಿ.

ಸಿಡಿಟಿಗೆ ಪ್ಲಗಿನ್ ಬರೆದ ಮೈಸೂರಿನವರು

ಕೈ ಸುಟ್ಟುಕೊಂಡವನು ನಾನೇ. ಮೊದಲ ಎರಡು ತಿಂಗಳು ಸುಮ್ನೆ ಹಾಳಾಯಿತು. ಡೀಬಗರ್ ಅನ್ನೇ ಬರೆಯಬೇಕು ಅಂದುಕೊಂಡು ಕೂತಿದ್ದೆ. ಬೇಕಾಗೇ ಇರಲಿಲ್ಲ.

ಸರಪಳಿ ಆಗಲೇ ಇದೆ, ನೋಡಿ. ಎಕ್ಲಿಪ್ಸ್ ಮಾತಾಡುವುದು ಜಿಡಿಬಿ ಅನ್ನುವ ಡೀಬಗರ್ ಜೊತೆ, ಎಂಐ ಅನ್ನುವ ಪಠ್ಯ ರೂಪದ ಭಾಷೆಯಲ್ಲಿ. ಜಿಡಿಬಿ ಮಾತಾಡುವುದು ಓಪನ್‌ಒಸಿಡಿ ಜೊತೆ, ತನ್ನ ರಿಮೋಟ್ ಪ್ರೋಟೋಕಾಲ್‌ನಲ್ಲಿ. ಓಪನ್‌ಒಸಿಡಿ ಎಸ್‌ಟಿ-ಲಿಂಕ್ ಅನ್ನುವ ಯುಎಸ್‌ಬಿ ಸಾಧನದ ಮೂಲಕ ಚಿಪ್‌ನ ಎಸ್‌ಡಬ್ಲ್ಯುಡಿ ಅನ್ನುವ ಡೀಬಗ್ ತಂತಿಗಳನ್ನು ಮುಟ್ಟುತ್ತದೆ. ಈ ಓಪನ್‌ಒಸಿಡಿ 2005ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಡೊಮಿನಿಕ್ ರಾಥ್ ಎಂಬ ವಿದ್ಯಾರ್ಥಿಯ ಡಿಪ್ಲೊಮಾ ಪ್ರಬಂಧವಾಗಿ ಹುಟ್ಟಿದ್ದು. ಇವತ್ತು ನಮ್ಮೆಲ್ಲರ ಅನ್ನ ಅದರಲ್ಲಿದೆ.

ಹಾಗಾಗಿ ಮೊದಲು ಒಂದು ಸಾಲು ಕೋಡ್ ಕೂಡ ಬರೆಯಬೇಡಿ. ಲ್ಯಾಬಿನಲ್ಲಿ ರಾಸ್ಪ್‌ಬೆರಿ ಪೈ ಅನ್ನುವ ಒಂದು ಪುಟ್ಟ ಕಂಪ್ಯೂಟರ್ ಇಡಿ. ಎಸ್‌ಟಿ-ಲಿಂಕ್ ಅದಕ್ಕೆ ಚುಚ್ಚಿ, ಅದರಲ್ಲಿ ಓಪನ್‌ಒಸಿಡಿ ಓಡಿಸಿ. ಅದು 3333ನೇ ಪೋರ್ಟಿನಲ್ಲಿ ಜಿಡಿಬಿಗೆ ಕಾಯುತ್ತದೆ. ಮನೆಯಿಂದ ಎಸ್‌ಎಸ್‌ಎಚ್ ಟನಲ್ (ಇಂಟರ್ನೆಟ್ ಮೇಲಿನ ಸುರಕ್ಷಿತ ದಾರಿ) ತೆಗೆದು ಆ ಪೋರ್ಟನ್ನು ನಿಮ್ಮ ಲ್ಯಾಪ್‌ಟಾಪಿಗೆ ಎಳೆದುಕೊಳ್ಳಿ. ಎಕ್ಲಿಪ್ಸ್ ಎಂಬೆಡೆಡ್ ಸಿಡಿಟಿಯ ಓಪನ್‌ಒಸಿಡಿ ಲಾಂಚ್‌ನಲ್ಲಿ 'ಓಪನ್‌ಒಸಿಡಿಯನ್ನು ಲೋಕಲ್ ಆಗಿ ಶುರು ಮಾಡು' ಅನ್ನುವ ಟಿಕ್ ತೆಗೆಯಿರಿ. ಹೋಸ್ಟ್ ಜಾಗದಲ್ಲಿ ಲೋಕಲ್‌ಹೋಸ್ಟ್, ಪೋರ್ಟ್ 3333. ಇಷ್ಟಕ್ಕೇ ಬ್ರೇಕ್‌ಪಾಯಿಂಟ್‌ನಲ್ಲಿ, ಅಂದರೆ ನೀವು ಗುರುತು ಹಾಕಿದ ಸಾಲಿನಲ್ಲಿ, ಕೋಡ್ ನಿಂತರೆ ಪ್ಲಗಿನ್ ಕೆಲಸದ ಮುಕ್ಕಾಲು ಪಾಲು ಮುಗಿದಂತೆ.

ಟನಲ್ ಯಾಕೆ ಅಂದರೆ, ಓಪನ್‌ಒಸಿಡಿಗೆ ಪಾಸ್‌ವರ್ಡ್ ಅನ್ನುವುದೇ ಇಲ್ಲ. 4444ನೇ ಪೋರ್ಟಿಗೆ ಟೆಲ್‌ನೆಟ್ ಮಾಡಿದ ಯಾರು ಬೇಕಾದರೂ ಫ್ಲ್ಯಾಶ್, ಅಂದರೆ ಚಿಪ್‌ನಲ್ಲಿ ಪ್ರೋಗ್ರಾಮ್ ಇರುವ ಮೆಮೊರಿ, ಅಳಿಸಬಹುದು. 'ಆಫೀಸ್ ನೆಟ್‌ವರ್ಕ್ ತಾನೇ' ಅಂತ ಅದನ್ನು ಎಲ್ಲರಿಗೂ ತೆರೆದಿಡಬೇಡಿ.

ಪ್ಲಗಿನ್ ಬರೆಯಲೇಬೇಕು ಅಂದರೆ ಅದರ ಕೆಲಸ ಮೂರೇ: ಬೋರ್ಡು ಖಾಲಿ ಇದೆಯಾ ನೋಡುವುದು, ಟನಲ್ ತೆಗೆಯುವುದು, ಆಚೆ ಓಪನ್‌ಒಸಿಡಿ ಎಬ್ಬಿಸುವುದು. ಮುಂದಿನದನ್ನು ಸಿಡಿಟಿಯ ಮಾಮೂಲಿ ಲಾಂಚ್‌ಗೆ ಒಪ್ಪಿಸಿ. ನಾನು ಬಿದ್ದ ಗುಂಡಿ ಡಿಎಸ್‌ಎಫ್, ಅಂದರೆ ಸಿಡಿಟಿಯ ಡೀಬಗ್ ಸೇವೆಗಳ ಚೌಕಟ್ಟು. ಒಂದು ಸೆಷನ್‌ನ ಸೇವೆಗಳೆಲ್ಲ ಒಂದೇ ಥ್ರೆಡ್‌ನಲ್ಲಿ ಓಡುತ್ತವೆ. ಟನಲ್ ಬರಲಿ ಅಂತ ನಾನು ಆ ಥ್ರೆಡ್‌ನಲ್ಲೇ ಕಾಯುತ್ತಾ ಕೂತೆ. ಸೆಷನ್ ಪೂರ್ತಿ ಕಲ್ಲಾಯಿತು. ಕಾಯುವ ಕೆಲಸ ಬೇರೆ ಜಾಬ್‌ನಲ್ಲಿರಲಿ. ಇನ್ನೊಂದು, ಸಿಡಿಟಿಯ ಒಳಗಿನ ಪ್ಯಾಕೇಜುಗಳ ಮೇಲೆ ಕೈ ಹಾಕಿದರೆ ಮುಂದಿನ ಬಿಡುಗಡೆಯಲ್ಲಿ ಅವು ಬದಲಾಗಿರಬಹುದು. ಐದೂ ಜನರ ಆವೃತ್ತಿ ಒಂದೇ ಇರಲಿ.

ಶಿರಸಿ ಕಡೆಯ ಹಳ್ಳಿಯಿಂದ ಕೆಲಸ ಮಾಡುವವರು

ಮೇಲಿನವರು ಹೇಳಿದ್ದು ಸರಿ, ಆದರೆ ಅವರ ಇಂಟರ್ನೆಟ್ ಚೆನ್ನಾಗಿರಬೇಕು! ಮಳೆಗಾಲದಲ್ಲಿ ನನ್ನದು ತೆವಳುತ್ತದೆ. ಒಂದು ಸ್ಟೆಪ್ (ಕೋಡ್ ಒಂದು ಸಾಲು ಮುಂದೆ) ಒತ್ತಿ ಕಾಫಿ ಲೋಟ ಎತ್ತಿ ಒಂದು ಗುಟುಕು ಕುಡಿದರೂ ಬಾಣದ ಗುರುತು ಮುಂದೆ ಹೋಗುತ್ತಿರಲಿಲ್ಲ.

ತೊಂದರೆ ಇರುವುದು ವೇಗದಲ್ಲಿ ಅಲ್ಲ, ಓಡಾಟದಲ್ಲಿ. ಒಂದೇ ಒಂದು ಸ್ಟೆಪ್‌ಗೆ ಜಿಡಿಬಿ ರಿಜಿಸ್ಟರ್ ಕೇಳುತ್ತದೆ, ಸ್ಟ್ಯಾಕ್ ಕೇಳುತ್ತದೆ, ಮೆಮೊರಿ ತುಂಡು ತುಂಡಾಗಿ ಕೇಳುತ್ತದೆ. ಪ್ರತಿಯೊಂದಕ್ಕೂ ಉತ್ತರ ಬರುವವರೆಗೆ ಕಾಯುತ್ತದೆ. ಆ ಮಾತುಕತೆ ನಡುವೆ ನಿಮ್ಮ ಇಂಟರ್ನೆಟ್ ಇದ್ದರೆ ಮುಗಿಯಿತು. ಸರಪಳಿಯನ್ನು ಒಂದು ಕೊಂಡಿ ಹಿಂದೆ ಕತ್ತರಿಸಿ: ಜಿಡಿಬಿಯೂ ಲ್ಯಾಬಿನ ಪೈ ಮೇಲೇ ಓಡಲಿ. ಡೆಬಿಯನ್‌ನ ಜಿಡಿಬಿ-ಮಲ್ಟಿಆರ್ಚ್ ಸಾಕು. ಎಕ್ಲಿಪ್ಸ್‌ನಲ್ಲಿ ಜಿಡಿಬಿಯ ಹೆಸರು ಕೊಡುವ ಜಾಗದಲ್ಲಿ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಹೆಸರು ಕೊಡಿ. ಅದು ಎಸ್‌ಎಸ್‌ಎಚ್ ಮೂಲಕ ಆಚೆ ಜಿಡಿಬಿಯನ್ನು ಎಬ್ಬಿಸುತ್ತದೆ. ಇನ್ನು ನೆಟ್ ಮೇಲೆ ಹೋಗುವುದು ಎಂಐ ಮಾತು ಮಾತ್ರ, ಅದು ಎಷ್ಟೋ ಕಡಿಮೆ. ಈಗ ಕಾಫಿ ಆರುವುದಿಲ್ಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಎಲ್ಫ್ ಫೈಲನ್ನು, ಅಂದರೆ ಕಂಪೈಲ್ ಆದ ಪ್ರೋಗ್ರಾಮನ್ನು, ಪ್ರತಿ ಬಾರಿ ಪೈಗೆ ಕಳಿಸಬೇಕು. ಮರೆತರೆ ಸಾಲುಗಳು ತಾಳೆ ಆಗುವುದಿಲ್ಲ, ತಲೆ ಕೆಡುತ್ತದೆ. ಪಾಜ್ ಬಟನ್ ಕೂಡ ನನಗೆ ಕೈಕೊಟ್ಟಿತು. ಅದು ಕಳಿಸಿದ ಸಿಗ್ನಲ್ ಆಚೆಯ ಜಿಡಿಬಿಗೆ ಹೋಗದೆ ಇಲ್ಲಿನ ಎಸ್‌ಎಸ್‌ಎಚ್ ಅನ್ನೇ ಕೊಂದುಹಾಕುತ್ತಿತ್ತು. ಕನೆಕ್ಟ್ ಆಗುವ ಮೊದಲೇ ಜಿಡಿಬಿಯಲ್ಲಿ ಎಂಐ-ಅಸಿಂಕ್ (ಕೋಡ್ ಓಡುತ್ತಿರುವಾಗಲೂ ಆಜ್ಞೆ ಕೇಳುವ ಸೆಟ್ಟಿಂಗ್) ಆನ್ ಮಾಡಿ, ನಿಲ್ಲಿಸುವುದಕ್ಕೆ ಎಂಐ ಆಜ್ಞೆಯನ್ನೇ ಕಳಿಸಿದೆ. ಆಮೇಲೆ ಸರಿಹೋಯಿತು.

ಇನ್ನೊಂದು ಮಾತು. ಪೆರಿಫೆರಲ್ಸ್ ವ್ಯೂ (ಚಿಪ್‌ನ ರಿಜಿಸ್ಟರ್‌ಗಳನ್ನು ಓದಿ ತೋರಿಸುವ ಕಿಟಕಿ) ತೆರೆದಿಟ್ಟು ಸ್ಟೆಪ್ ಮಾಡಬೇಡಿ. ನಿಧಾನ ಅನ್ನುವುದು ಸಣ್ಣ ತೊಂದರೆ. ನಿಮ್ಮ ಚಿಪ್‌ನಲ್ಲಿ ಯುಎಆರ್‌ಟಿಯ, ಅಂದರೆ ಸೀರಿಯಲ್ ಪೋರ್ಟಿನ, ಡೇಟಾ ರಿಜಿಸ್ಟರ್ ಓದಿದರೆ 'ಬೈಟ್ ಬಂದಿದೆ' ಅನ್ನುವ ಫ್ಲ್ಯಾಗ್ ಅಳಿಯುತ್ತದೆ. ಓದಿದ್ದು ನಿಮ್ಮ ಕೋಡಾ, ಡೀಬಗರಾ ಅಂತ ಚಿಪ್‌ಗೆ ಗೊತ್ತಾಗುವುದಿಲ್ಲ ಅಲ್ವಾ?

ಮೋಟಾರು ಕಂಟ್ರೋಲ್ ಮಾಡುವವರು, ಹುಬ್ಬಳ್ಳಿ

ಪಂಪ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ಬ್ರೇಕ್‌ಪಾಯಿಂಟ್‌ನಲ್ಲಿ ಕೋರ್ ನಿಲ್ಲುತ್ತದೆ, ಟೈಮರ್ ನಿಲ್ಲುವುದಿಲ್ಲ. ಪಿಡಬ್ಲ್ಯುಎಂ, ಅಂದರೆ ಮೋಟಾರು ಓಡಿಸುವ ಪಲ್ಸ್, ಕೊನೆಯ ಮೌಲ್ಯದಲ್ಲೇ ಓಡುತ್ತಿರುತ್ತದೆ. ಪಕ್ಕದಲ್ಲಿ ಕೂತಿದ್ದರೆ ಸದ್ದು ಕೇಳಿ ಸ್ವಿಚ್ ಆರಿಸುತ್ತೀರಿ. ತುಮಕೂರಿನಲ್ಲಿ ಕೂತು? ನಾನು ಹೀಗೆ ಒಂದು ಡ್ರೈವರ್ ಬೋರ್ಡನ್ನು ಸುಟ್ಟಿದ್ದೇನೆ. ಎಸ್‌ಟಿಎಂ32ರಲ್ಲಿ ಡಿಬಿಜಿಎಂಸಿಯು ಅನ್ನುವ ರಿಜಿಸ್ಟರ್‌ಗಳಿವೆ. ಕೋರ್ ನಿಂತಾಗ ಯಾವ ಟೈಮರ್, ಯಾವ ವಾಚ್‌ಡಾಗ್ (ಕೋಡ್ ಸ್ತಬ್ಧವಾದರೆ ಚಿಪ್ ರೀಸೆಟ್ ಮಾಡುವ ಕಾವಲು ಟೈಮರ್) ನಿಲ್ಲಬೇಕು ಅಂತ ಅಲ್ಲಿ ಹೇಳಬಹುದು. ವಾಚ್‌ಡಾಗ್‌ದು ಹಾಕದಿದ್ದರೆ ನೀವು ವೇರಿಯಬಲ್ ನೋಡುತ್ತಿರುವಾಗಲೇ ಬೋರ್ಡು ರೀಸೆಟ್ ಆಗುತ್ತದೆ. ಟೈಮರ್ ನಿಂತ ಮಾತ್ರಕ್ಕೆ ಪಿನ್ ಸೊನ್ನೆಗೆ ಇಳಿಯುತ್ತದೆ ಅಂತಲೂ ನಂಬಬೇಡಿ, ಸ್ಕೋಪ್ ಹಚ್ಚಿ ನೋಡಿ. ಬೋರ್ಡಿನ ಪವರ್‌ಗೆ ಒಂದು ರಿಲೇ ಹಾಕಿ, ಅದರ ಹಿಡಿತ ಪೈ ಕೈಲಿರಲಿ. ಬೆಂಗಳೂರಿನ ಎಸ್ ಪಿ ರೋಡಿಗೆ ಹೋದಾಗ ಒಂದು ಅಗ್ಗದ ಯುಎಸ್‌ಬಿ ಕ್ಯಾಮೆರಾನೂ ತನ್ನಿ. ಎಲ್‌ಇಡಿ ಕಣ್ಣಿಗೆ ಕಾಣಬೇಕು. ರೀಸೆಟ್ ತಂತಿಯನ್ನೂ ಎಸ್‌ಟಿ-ಲಿಂಕ್‌ಗೆ ಸೇರಿಸಿ, ಚಿಪ್ ಆಳವಾದ ನಿದ್ದೆಗೆ ಹೋದರೆ ಎಬ್ಬಿಸಲು ಅದೇ ಗತಿ.

ವಿಎಸ್ ಕೋಡ್ ಬಳಸುವವರು, ಬೆಂಗಳೂರು

ವಿಎಸ್ ಕೋಡ್‌ನಲ್ಲಿ ಹಾದಿ ಸ್ವಲ್ಪ ಹಗುರ. ಕಾರ್ಟೆಕ್ಸ್-ಡೀಬಗ್ ಎಕ್ಸ್‌ಟೆನ್ಶನ್‌ನಲ್ಲಿ ಸರ್ವರ್ ಬಗೆಯನ್ನು ಎಕ್ಸ್‌ಟರ್ನಲ್ ಅಂತ ಕೊಟ್ಟು ವಿಳಾಸ ಬರೆದರೆ ಆಯಿತು. ನಮ್ಮದೇ ಎಕ್ಸ್‌ಟೆನ್ಶನ್ ಟೈಪ್‌ಸ್ಕ್ರಿಪ್ಟ್‌ನಲ್ಲಿ ಇನ್ನೂರು ಸಾಲು ಇರಬಹುದು. ಡೀಬಗ್ ಶುರುವಾಗುವ ಮೊದಲು ಕಾನ್ಫಿಗರೇಶನ್ ತಿದ್ದಲು ಒಂದು ಕೊಕ್ಕೆ ಕೊಟ್ಟಿದ್ದಾರೆ, ಅಲ್ಲೇ ಬೋರ್ಡು ಹಿಡಿದು ಟನಲ್ ತೆಗೆಯುತ್ತೇವೆ. 2023ರ ಡಿಸೆಂಬರ್‌ನಲ್ಲಿ ಬಂದ ಜಿಡಿಬಿ 14ಕ್ಕೆ ವಿಎಸ್ ಕೋಡ್‌ನ ಭಾಷೆಯಾದ ಡೀಬಗ್ ಅಡಾಪ್ಟರ್ ಪ್ರೋಟೋಕಾಲ್ ತಾನಾಗಿಯೇ ಬರುತ್ತದೆ, ನಡುವೆ ಅಡಾಪ್ಟರ್ ಇಲ್ಲದೆಯೂ ಎಡಿಟರ್ ಜೊತೆ ಮಾತಾಡುತ್ತದೆ.

ಆದರೂ ನಿಮ್ಮ ಐದು ಜನಕ್ಕೆ ಎಕ್ಲಿಪ್ಸ್ ಕೈಗೆ ಕೂತಿದ್ದರೆ ಇದಕ್ಕೋಸ್ಕರ ಬಿಡಬೇಡಿ. ಬುದ್ಧಿಯನ್ನೆಲ್ಲ ಪೈ ಮೇಲಿನ ಸ್ಕ್ರಿಪ್ಟ್‌ನಲ್ಲಿಡಿ. ಆಗ ಎಡಿಟರ್ ಯಾವುದಾದರೂ ನಡೆಯುತ್ತದೆ. ಬೋರ್ಡು ಹಿಡಿಯುವುದಕ್ಕೆ ಲಿನಕ್ಸ್‌ನ ಫೈಲ್ ಬೀಗ ಎಫ್‌ಲಾಕ್ ಬಳಸಿ, ಫೈಲ್‌ನಲ್ಲಿ ಹೆಸರು ಬರೆದಿಡುವ ಪದ್ಧತಿ ಬೇಡ. ನಮ್ಮಲ್ಲಿ ಒಬ್ಬರು ಹೆಸರು ಅಳಿಸದೆ ಮದುವೆಗೆ ಹೋಗಿದ್ದರು, ಮೂರು ದಿನ ಬೋರ್ಡು ಯಾರಿಗೂ ಸಿಗಲಿಲ್ಲ. ಎಫ್‌ಲಾಕ್ ಆದರೆ ಅದನ್ನು ಹಿಡಿದ ಪ್ರೋಸೆಸ್ ಸತ್ತ ಕೂಡಲೇ ಬೀಗ ತೆರೆಯುತ್ತದೆ. ಮತ್ತೆ, ಬೋರ್ಡು ಸಿಕ್ಕ ತಕ್ಷಣ ಜಿಡಿಬಿಯಲ್ಲಿ ಕಂಪೇರ್-ಸೆಕ್ಷನ್ಸ್ ಕೊಡಿ. ಚಿಪ್‌ನಲ್ಲಿರುವುದು ನಿಮ್ಮ ಫರ್ಮ್‌ವೇರಾ, ಹಿಂದಿನವರದಾ ಗೊತ್ತಾಗುತ್ತದೆ.

ಪ್ರಶ್ನೆ ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಪ್ಲಗಿನ್ ಇನ್ನೂ ಬರೆದಿಲ್ಲ. ಪೈ, ಎಫ್‌ಲಾಕ್, ರಿಲೇ, ನಲವತ್ತು ಸಾಲಿನ ಶೆಲ್ ಸ್ಕ್ರಿಪ್ಟ್, ಇಷ್ಟೇ. ಜಿಡಿಬಿ ಪೈ ಮೇಲೇ ಓಡುತ್ತಿದೆ. ಬಾಸ್‌ಗೆ ಬಟನ್ ಬೇಕೇ ಬೇಕಂತೆ, ಮುಂದಿನ ತಿಂಗಳು ನೋಡೋಣ ಎಂದಿದ್ದೇನೆ. ಅಂದ ಹಾಗೆ, ನಮ್ಮ ಬೋರ್ಡಿಗೆ ಮೋಡೆಮ್‌ನಿಂದ ಯುಎಆರ್‌ಟಿ ಮೂಲಕ ಬರುವ ಉತ್ತರದಲ್ಲಿ ಆಗಾಗ ಒಂದು ಬೈಟ್ ಕಾಣೆಯಾಗುತ್ತಿತ್ತು. ಅದಕ್ಕಾಗಿ ಡ್ರೈವರ್ ಅನ್ನು ಎರಡು ಸಲ ಹೊಸದಾಗಿ ಬರೆದಿದ್ದೆ. ಮೊನ್ನೆ ಶಿರಸಿಯವರ ಮಾತು ನೆನಪಾಗಿ ಪೆರಿಫೆರಲ್ಸ್ ವ್ಯೂ ಮುಚ್ಚಿದೆ. ಆಮೇಲೆ ಬೈಟ್ ಒಂದೂ ತಪ್ಪಿಲ್ಲ. ಹಳೆಯ ಡ್ರೈವರ್ ಅನ್ನೇ ವಾಪಸ್ ಹಾಕಿದ್ದೇನೆ.